ಹಲ್ಲುನೋವಿನ ಜೆಲ್: ವಸಡಿಗೆ ಮುಟ್ಟುತ್ತೆ, ಹಲ್ಲಿನೊಳಕ್ಕೆ ಮುಟ್ಟಲ್ಲ

ಹಲ್ಲುನೋವಿಗೆ ಒಂದು ಕೆಟ್ಟ ಅಭ್ಯಾಸ ಇದೆ. ಹಗಲೆಲ್ಲ ಸುಮ್ನಿದ್ದು, ಊಟ ಮುಗಿಸಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಶುರುವಾಗುತ್ತದೆ. ಅದಕ್ಕೆ ಕಾರಣವೂ ಇದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಏರುತ್ತದೆ. ಮೊದಲೇ ಬಾತುಕೊಂಡ ಹಲ್ಲಿಗೆ ಅಷ್ಟು ಸಾಕು. ಆ ಹೊತ್ತಿಗೆ ಡೆಂಟಿಸ್ಟ್ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ತೆರೆದಿರುವುದು ಎಲ್ಲೋ ಒಂದು ಮೆಡಿಕಲ್ ಶಾಪ್. ಕೆನ್ನೆ ಹಿಡಿದು ನಿಂತವರ ಕೈಗೆ ಅಲ್ಲಿ ಒಂದು ಪುಟ್ಟ ಟ್ಯೂಬ್ ಬರುತ್ತದೆ. "ಹಚ್ಕೊಳ್ಳಿ ಸಾರ್, ಜೋಮು ಹಿಡಿಯುತ್ತೆ."

ಜೋಮು ಹಿಡಿಯುವುದು ನಿಜ. ಎಲ್ಲಿ ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಯಾರೂ ಹೇಳದ ವಿಷಯ. ಜೆಲ್ ಹಚ್ಚಿ ಹತ್ತು ನಿಮಿಷಕ್ಕೆ ನೋವು ವಾಪಸ್ ಬಂದರೆ ಜನ ಏನು ಮಾಡುತ್ತಾರೆ? ಇನ್ನೊಂದು ಸಲ ಹಚ್ಚುತ್ತಾರೆ. ಮತ್ತೆ ಬಂದರೆ ಮತ್ತೆ. ಬೆಳಗಾಗುವಷ್ಟರಲ್ಲಿ ಅರ್ಧ ಟ್ಯೂಬ್ ಖಾಲಿ. ಈ ಜೆಲ್‌ಗಳಿಂದ ಆಗುವ ತೊಂದರೆಗಳಲ್ಲಿ ಬಹುಪಾಲು ಶುರುವಾಗುವುದು ಇಲ್ಲಿಂದಲೇ. ಮದ್ದು ಕೆಟ್ಟದ್ದು ಅಂತಲ್ಲ. ಅದು ನೋವಿನ ಜಾಗಕ್ಕೆ ಮುಟ್ಟುವುದಿಲ್ಲ, ಮುಟ್ಟಲಿ ಅಂತ ನಾವು ಜಾಸ್ತಿ ಹಚ್ಚುತ್ತೇವೆ.

ನೋವು ಇರುವುದು ಎಲ್ಲಿ

ಹಲ್ಲಿನ ಹೊರಗಿನ ಪದರ ಎನಾಮಲ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ, ಮೂಳೆಯೂ ಅಷ್ಟು ಗಟ್ಟಿಯಲ್ಲ. ಅದರೊಳಗೆ ಡೆಂಟಿನ್ ಎಂಬ ಇನ್ನೊಂದು ಗಟ್ಟಿ ಪದರ. ಅದರ ನಡುವೆ, ಒಂದು ಸಣ್ಣ ಕೋಣೆಯಲ್ಲಿ, ಪಲ್ಪ್ ಎಂಬ ಮೆತ್ತನೆಯ ಭಾಗ ಇರುತ್ತದೆ. ರಕ್ತನಾಳಗಳು, ನರಗಳು ಎಲ್ಲ ಅಲ್ಲೇ. ಅವು ಒಳಗೆ ಬರುವುದು ಬೇರಿನ ತುದಿಯ ಸಣ್ಣ ರಂಧ್ರದಿಂದ.

ಕೈಗೆ ಏಟು ಬಿದ್ದರೆ ಅದು ಊದಿಕೊಳ್ಳುತ್ತದೆ, ಊದಲು ಜಾಗ ಇದೆ. ಪಲ್ಪ್‌ಗೆ ಆ ಸೌಕರ್ಯ ಇಲ್ಲ. ಹುಳುಕು ಒಳಗೆ ಇಳಿದು, ಬ್ಯಾಕ್ಟೀರಿಯಾ ಹತ್ತಿರ ಬಂದು, ಪಲ್ಪ್ ಬಾತುಕೊಂಡರೆ ಸುತ್ತ ಎಲ್ಲ ಗಟ್ಟಿ ಗೋಡೆ. ಒತ್ತಡ ನರದ ಮೇಲೆಯೇ ಬೀಳುತ್ತದೆ. ಹಲ್ಲುನೋವು ಆ ಪರಿ ಸಿಡಿಯುವುದು ಇದಕ್ಕೇ.

ಈಗ ಜೆಲ್‌ನ ಕಡೆ ಬನ್ನಿ. ನರದಲ್ಲಿ ನೋವಿನ ಸುದ್ದಿ ಸಾಗುವುದು ಸೋಡಿಯಂ ಕಣಗಳು ಒಳನುಗ್ಗುವುದರಿಂದ. ಆ ಕಣಗಳು ಬರುವ ಸಣ್ಣ ಬಾಗಿಲುಗಳನ್ನು ಬೆಂಜೊಕೇನ್, ಲಿಗ್ನೊಕೇನ್‌ನಂಥ ಮದ್ದುಗಳು ಮುಚ್ಚುತ್ತವೆ. ಬಾಗಿಲು ಮುಚ್ಚಿದರೆ ಸುದ್ದಿ ಮೆದುಳಿಗೆ ಹೋಗುವುದಿಲ್ಲ. ಆದರೆ ಮೇಲಿನಿಂದ ಹಚ್ಚಿದ ಮದ್ದು ಒಳಗೆ ಇಳಿಯುವುದು ಬಾಯಿಯ ಒದ್ದೆ ಚರ್ಮದ ಮೂಲಕ ಮಾತ್ರ, ಅದೂ ಎರಡು ಮೂರು ಮಿಲಿಮೀಟರ್. ಎನಾಮಲ್ ದಾಟುವ ಶಕ್ತಿ ಅದಕ್ಕಿಲ್ಲ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಮಗು ಅಳುತ್ತಿದ್ದರೆ ಹೊರಗೆ ಗೋಡೆ ಸವರಿ ಸಮಾಧಾನ ಹೇಳಿದ ಹಾಗೆ ಇದು.

ಡೆಂಟಿಸ್ಟ್ ಕೊಡುವ ಇಂಜೆಕ್ಷನ್‌ನಲ್ಲೂ ಹೆಚ್ಚಾಗಿ ಇರುವುದು ಇದೇ ಲಿಗ್ನೊಕೇನ್. ಅಲ್ಲಿ ಅದು ಕೆಲಸ ಮಾಡುತ್ತದೆ, ಏಕೆಂದರೆ ಸೂಜಿ ಮದ್ದನ್ನು ನರದ ಹತ್ತಿರಕ್ಕೇ ಒಯ್ಯುತ್ತದೆ. ಸೂಜಿ ಚುಚ್ಚುವ ಮೊದಲು ವಸಡಿಗೆ ಹಚ್ಚುವ ಜೆಲ್ ಬೇರೆ ಇರುತ್ತದೆ. ಅದರ ಕೆಲಸ ಸೂಜಿಯ ನೋವು ಗೊತ್ತಾಗದಂತೆ ಮಾಡುವುದು, ಅಷ್ಟೇ. ದಂತವೈದ್ಯರೇ ಜೆಲ್ ಒಂದನ್ನೇ ನಂಬಿ ಹಲ್ಲು ಕೀಳುವುದಿಲ್ಲ ಅಲ್ವಾ?

ಹಾಗಂತ ಜೆಲ್ ಸುಳ್ಳು ಮದ್ದಲ್ಲ. ನೋವು ವಸಡಿನದ್ದೇ ಆಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಯಿಹುಣ್ಣು, ಬ್ರೇಸಸ್‌ನ ತಂತಿ ಒತ್ತಿ ಆದ ಗಾಯ, ಹೊಸ ಹಲ್ಲುಸೆಟ್ಟು ಉಜ್ಜಿದ ಜಾಗ, ಅರ್ಧ ಬಂದ ಬುದ್ಧಿಹಲ್ಲಿನ ಮೇಲೆ ಬಾತುಕೊಂಡ ವಸಡು, ಇವಕ್ಕೆ ಅದು ಸರಿಯಾದ ಮದ್ದು. ಹಲ್ಲು ದೊಡ್ಡದಾಗಿ ತೂತಾಗಿ ಒಳಭಾಗ ತೆರೆದುಕೊಂಡಿದ್ದರೆ ಅಲ್ಲಿಗೂ ಸ್ವಲ್ಪ ಮದ್ದು ತಲುಪಿ ಕೊಂಚ ಹೊತ್ತು ಆರಾಮ ಸಿಗಬಹುದು. ಆದರೆ ಎಷ್ಟು ಹೊತ್ತು? ಒಂದೆರಡು ನಿಮಿಷದಲ್ಲಿ ಜೋಮು ಶುರು, ಹತ್ತಿಪ್ಪತ್ತು ನಿಮಿಷಕ್ಕೆ ಮುಗಿಯಿತು. ಎಂಜಲು ಅದನ್ನು ತೊಳೆದುಬಿಡುತ್ತದೆ. ಈ ಜೆಲ್ ರಾತ್ರಿ ಕಳೆಯುವ ಮದ್ದಲ್ಲ. ನುಂಗಿದ ಮಾತ್ರೆ ಕೆಲಸ ಶುರು ಮಾಡುವವರೆಗೆ ತಡೆದುಕೊಳ್ಳುವ ಮದ್ದು.

ಟ್ಯೂಬ್ ತಿರುಗಿಸಿ ನೋಡಿ

ಅಂಗಡಿಯಲ್ಲಿ "ಹಲ್ಲುನೋವಿನ ಜೆಲ್" ಎಂದು ಕೇಳಿದರೆ ಸಿಗುವುದು ಒಂದೇ ಮದ್ದಲ್ಲ. ಟ್ಯೂಬ್‌ಗಳು ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಳಗಿರುವುದು ಬೇರೆ ಬೇರೆ. ಹಾಗಾಗಿ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಲೇಬೇಕು. ಓದಲಾಗದಷ್ಟು ಸಣ್ಣದಾಗಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ.

ಒಂದು, ಬೆಂಜೊಕೇನ್. ಮ್ಯೂಕೊಪೇನ್ ಎಂಬ ಹೆಸರಿನಲ್ಲಿ ಸಿಗುವುದು ಇದು. ಅಮೆರಿಕದಿಂದ ನೆಂಟರು ತಂದುಕೊಡುವ ಒರಾಜೆಲ್, ಆನ್ಬೆಸಾಲ್‌ಗಳಲ್ಲೂ ಸಾಮಾನ್ಯವಾಗಿ ಇದೇ. ಶೇ. 20 ಎಂದು ಬರೆದಿರುತ್ತದೆ. ಶೇ. 20 ಅಂದರೆ ಒಂದು ಗ್ರಾಂ ಜೆಲ್‌ನಲ್ಲಿ 200 ಮಿಲಿಗ್ರಾಂ ಮದ್ದು. ಸಣ್ಣ ಪ್ರಮಾಣ ಅಲ್ಲ ಅದು.

ಎರಡು, ಲಿಗ್ನೊಕೇನ್. ಲಿಡೊಕೇನ್ ಅಂದರೂ ಅದೇ. ಹೆಚ್ಚಾಗಿ ಶೇ. 2, ಅಂದರೆ ಗ್ರಾಂಗೆ 20 ಮಿಲಿಗ್ರಾಂ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಮೊದಲು ಸಿಕ್ಕ ಜೋಮು ಮದ್ದು ಕೊಕೇನ್. ವಿಯೆನ್ನಾದ ಕಾರ್ಲ್ ಕೊಲ್ಲರ್ 1884ರಲ್ಲಿ ಅದನ್ನು ಕಣ್ಣಿನ ಆಪರೇಷನ್‌ಗೆ ಬಳಸಿದರು. ಅದರ ಚಟ ಹತ್ತುತ್ತದೆ ಎಂದು ಗೊತ್ತಾದ ಮೇಲೆ ಬದಲಿ ಮದ್ದಿನ ಹುಡುಕಾಟ ಶುರುವಾಯಿತು. ಬೆಂಜೊಕೇನ್ ಬಂದದ್ದು 1890ರಲ್ಲಿ, ಜರ್ಮನಿಯಿಂದ. ಲಿಗ್ನೊಕೇನ್‌ನ ದಾರಿ ತೆರೆದದ್ದು ಸ್ವೀಡನ್‌ನಲ್ಲಿ, ಪ್ರಯೋಗಶಾಲೆಯಲ್ಲಿ ಒಬ್ಬ ರಸಾಯನ ವಿಜ್ಞಾನಿ ಹೊಸ ವಸ್ತುವೊಂದನ್ನು ನಾಲಿಗೆಗೆ ತಾಗಿಸಿ ನೋಡಿದಾಗ. ನಾಲಿಗೆ ಮರಗಟ್ಟಿತು! ಆ ಸುಳಿವು ಹಿಡಿದು ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೊಕೇನ್ ತಯಾರಿಸಿದರು.

ಮೂರನೆಯದು ಕೋಲೀನ್ ಸ್ಯಾಲಿಸಿಲೇಟ್. ಇದು ಜೋಮು ಹಿಡಿಸುವ ಮದ್ದೇ ಅಲ್ಲ. ಆಸ್ಪಿರಿನ್‌ನ ಬಳಗದ್ದು, ಉರಿಯೂತ ಇಳಿಸುವ ಮದ್ದು. ಬಾಯಿಹುಣ್ಣಿನ ಎಷ್ಟೋ ಜೆಲ್‌ಗಳಲ್ಲಿ ಇರುವುದು ಇದು. ಕೆಲವು ಟ್ಯೂಬ್‌ಗಳಲ್ಲಿ ಇದರ ಜೊತೆ ಲಿಗ್ನೊಕೇನ್ ಕೂಡ ಸೇರಿರುತ್ತದೆ. ಆಸ್ಪಿರಿನ್ ಆಗದವರಿಗೆ, ಆಸ್ಪಿರಿನ್ ತೆಗೆದುಕೊಂಡರೆ ಉಬ್ಬಸ ಬರುವವರಿಗೆ ಇದು ಬೇಡ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು ಎನ್ನುವುದಕ್ಕೆ ರೇಸ್ ಸಿಂಡ್ರೋಮ್ ಎಂಬ ಕಾಯಿಲೆ ಕಾರಣ. ಅಪರೂಪದ್ದು, ಆದರೆ ಮೆದುಳು ಮತ್ತು ಲಿವರ್‌ಗೆ ಪೆಟ್ಟು ಕೊಡುವಂಥದ್ದು. ಅದೇ ಭಯದಿಂದ ಬ್ರಿಟನ್‌ನ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಈ ಜೆಲ್ 16 ವರ್ಷದೊಳಗಿನವರಿಗೆ ಬೇಡ ಎಂದಿತು. ನಮ್ಮಲ್ಲಿ ಫ್ಲೂ ಬಂದ ಮಗುವಿಗೆ, ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಗುಳ್ಳೆ ಎದ್ದ ಮಗುವಿಗೆ ಬಾಯಿ ನೋಯುತ್ತದೆ ಅಂತ ಮನೆಯಲ್ಲಿದ್ದ ಟ್ಯೂಬ್ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ.

ಹಚ್ಚುವ ರೀತಿ

ಮೊದಲು ಬಾಯಿ ಮುಕ್ಕಳಿಸಿ. ಉಗುರುಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಸಾಕು. ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ದಾರದಿಂದ ಮೆಲ್ಲಗೆ ತೆಗೆಯಿರಿ. ನಗಬೇಡಿ, ಮಾವಿನ ನಾರು, ಕಡಲೆಬೀಜದ ಸಿಪ್ಪೆ, ಮೀನಿನ ಮುಳ್ಳು ವಸಡಿಗೆ ಚುಚ್ಚಿಕೊಂಡು ರಾತ್ರಿಯಿಡೀ ಕಾಡುವುದುಂಟು. ಅದು ಹೊರಬಂದರೆ ಜೆಲ್ಲೂ ಬೇಡ, ಡಾಕ್ಟರೂ ಬೇಡ.

ಆಮೇಲೆ ನೋಯುವ ಜಾಗವನ್ನು ಹತ್ತಿಯಿಂದ ಒರೆಸಿ ಒಣಗಿಸಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಒದ್ದೆ ವಸಡಿಗೆ ಹಚ್ಚಿದ ಜೆಲ್ ಎಂಜಲಿನ ಜೊತೆ ಗಂಟಲಿಗೆ ಜಾರುತ್ತದೆ. ನೋವು ಹಾಗೇ ಇರುತ್ತದೆ, ಗಂಟಲು ಜೋಮು ಹಿಡಿಯುತ್ತದೆ. ಒಂದು ಬಟಾಣಿ ಕಾಳಿನಷ್ಟು, ಅದಕ್ಕಿಂತ ಕಡಿಮೆಯಾದರೂ ಸರಿ, ಇಯರ್ ಬಡ್‌ನ ತುದಿಗೆ ಅಥವಾ ತೊಳೆದ ಬೆರಳಿಗೆ ತೆಗೆದುಕೊಂಡು ಆ ಹಲ್ಲಿನ ಸುತ್ತಲ ವಸಡಿಗೆ ಮಾತ್ರ ಹಚ್ಚಿ. ಟ್ಯೂಬಿನ ಮೂತಿಯನ್ನು ಬಾಯಿಗೆ ತಾಗಿಸಬೇಡಿ. ಒಂದು ನಿಮಿಷ ಬಾಯಿ ತುಸು ತೆರೆದೇ ಇರಲಿ. ಉಳಿದದ್ದನ್ನು ಉಗಿಯಿರಿ, ನುಂಗಬೇಡಿ.

ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಬೆಂಜೊಕೇನ್ ಜೆಲ್‌ಗಳ ಮೇಲೆ ಏಳು ದಿನಕ್ಕಿಂತ ಹೆಚ್ಚು ಬಳಸಬೇಡಿ ಎಂದು ಬರೆದಿರುತ್ತದೆ. ನನ್ನನ್ನು ಕೇಳಿದರೆ ಏಳು ದಿನವೂ ಉದಾರವೇ. ಎರಡು ದಿನ ದಾಟಿದ ಹಲ್ಲುನೋವು ತೋರಿಸಬೇಕಾದ ನೋವು. ಎರಡು ಸಲ ಹಚ್ಚಿಯೂ ಏನೂ ಅನಿಸದಿದ್ದರೆ ಮೂರನೆಯ ಸಲಕ್ಕೆ ಅರ್ಥವಿಲ್ಲ. ಅದು ಒಳಗಿನ ನೋವು, ಜೆಲ್‌ನ ಕೈಗೆ ಸಿಗದ್ದು.

ಹಚ್ಚಿದ ಮೇಲೆ ಒಂದು ಗಂಟೆ ಏನೂ ತಿನ್ನಬೇಡಿ. ಬಿಸಿ ಕಾಫಿಯಂತೂ ಬೇಡವೇ ಬೇಡ. ಮರಗಟ್ಟಿದ ಬಾಯಿಗೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಗೊತ್ತಾಗುತ್ತದೆ. ಕೆನ್ನೆಯ ಒಳಭಾಗ ಕಚ್ಚಿಕೊಂಡರೂ ಹಾಗೇ. ಗಂಟಲು ಮರಗಟ್ಟಿದ್ದರೆ ನೀರೂ ಶ್ವಾಸನಾಳಕ್ಕೆ ಹೋಗಬಹುದು. ವಯಸ್ಸಾದವರು ಜೆಲ್ ಹಚ್ಚಿಕೊಂಡ ಕೂಡಲೇ ಮಾತ್ರೆ ನುಂಗುವುದು ಈ ಕಾರಣಕ್ಕೇ ಅಪಾಯ. ಮಾತ್ರೆ ಮೊದಲು, ಜೆಲ್ ಆಮೇಲೆ.

ಹಲ್ಲುಸೆಟ್ಟು ಹಾಕುವವರು ಜೆಲ್ ಹಚ್ಚಿ ಅದರ ಮೇಲೇ ಸೆಟ್ಟು ಕೂರಿಸಬಾರದು. ಮದ್ದು ಅಡಿಯಲ್ಲಿ ಸಿಕ್ಕಿಕೊಂಡು, ಅದರಲ್ಲೂ ಸ್ಯಾಲಿಸಿಲೇಟ್ ಆದರೆ, ವಸಡನ್ನು ಕೊರೆಯುತ್ತದೆ. ಹಚ್ಚಿ, ಅರ್ಧ ಗಂಟೆ ಬಿಟ್ಟು, ಬಾಯಿ ತೊಳೆದು ಆಮೇಲೆ ಹಾಕಿಕೊಳ್ಳಿ. ಇನ್ನೊಂದು ಮಾತು: ಹೇರ್ ಡೈ ಹಚ್ಚಿದರೆ ತಲೆ ತುರಿಸಿ ಬಾತುಕೊಳ್ಳುವವರಿಗೆ ಬೆಂಜೊಕೇನ್ ಕೂಡ ಆಗದಿರಬಹುದು, ಎರಡರ ರಸಾಯನ ಹತ್ತಿರದ್ದು. ಅಂಥವರು ಡಾಕ್ಟರನ್ನು ಕೇಳದೆ ಬಳಸದಿರುವುದು ಒಳ್ಳೆಯದು.

ತುಟಿ ನೀಲಿಯಾದರೆ

ಬೆಂಜೊಕೇನ್‌ನ ಬಗ್ಗೆ ತಿಳಿದಿರಲೇಬೇಕಾದ ಒಂದು ಅಪಾಯ ಇದೆ. ಅಪರೂಪ, ಆದರೆ ಬಂದರೆ ಬೇಗ ಬರುತ್ತದೆ. ಹೆಸರು ಮೆಥಿಮೊಗ್ಲೋಬಿನೀಮಿಯಾ. ಹೆಸರು ಮರೆತರೂ ಪರವಾಗಿಲ್ಲ, ವಿಷಯ ನೆನಪಿರಲಿ.

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೊಗ್ಲೋಬಿನ್, ಅದರ ನಡುವೆ ಕಬ್ಬಿಣ. ಆ ಕಬ್ಬಿಣ ಒಂದು ನಿರ್ದಿಷ್ಟ ರೂಪದಲ್ಲಿದ್ದರೆ ಮಾತ್ರ ಆಮ್ಲಜನಕ ಹಿಡಿದು ಬಿಡಬಲ್ಲದು. ಕೆಲವರಲ್ಲಿ ಬೆಂಜೊಕೇನ್ ದೇಹದೊಳಗೆ ಒಡೆದಾಗ ಹುಟ್ಟುವ ವಸ್ತುಗಳು ಆ ಕಬ್ಬಿಣದ ರೂಪ ಬದಲಿಸಿಬಿಡುತ್ತವೆ. ಆಗ ಹಿಮೊಗ್ಲೋಬಿನ್ ಇದ್ದೂ ಇಲ್ಲದಂತೆ. ಶ್ವಾಸಕೋಶಕ್ಕೆ ಗಾಳಿ ಬರುತ್ತಿರುತ್ತದೆ, ಮೈಗೆ ಆಮ್ಲಜನಕ ಸಿಗುವುದಿಲ್ಲ. ಆರೋಗ್ಯವಂತರ ರಕ್ತದಲ್ಲೂ ಇಂಥ ಕೆಟ್ಟ ಹಿಮೊಗ್ಲೋಬಿನ್ ಶೇ. 1ರಷ್ಟು ಇರುತ್ತದೆ, ದೇಹ ಅದನ್ನು ಸರಿಮಾಡಿಕೊಳ್ಳುತ್ತಲೇ ಇರುತ್ತದೆ. ಶೇ. 10 ದಾಟಿದರೆ ಮೈ ನೀಲಿಗೆ ತಿರುಗುತ್ತದೆ. ಇಪ್ಪತ್ತು ಮೂವತ್ತಕ್ಕೆ ತಲೆನೋವು, ತಲೆಸುತ್ತು, ಏದುಸಿರು, ಎದೆಬಡಿತ. ಶೇ. 70ರ ಹೊತ್ತಿಗೆ ಜೀವ ಉಳಿಯುವುದು ಕಷ್ಟ.

ಹಚ್ಚಿದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಇದು ಕಾಣಿಸಿಕೊಳ್ಳುತ್ತದೆ. ಮೊದಲ ಸಲ ಹಚ್ಚಿದಾಗಲೇ ಆಗಬಹುದು, ಹತ್ತು ಸಲ ಏನೂ ಆಗದೆ ಹನ್ನೊಂದನೆಯ ಸಲಕ್ಕೂ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಅಥವಾ ವೈದ್ಯಕೀಯ ಪತ್ರಿಕೆಗಳಿಗೆ 1971ರಿಂದ ಇಂಥ 400ಕ್ಕೂ ಹೆಚ್ಚು ಪ್ರಕರಣಗಳ ವರದಿ ಬಂದಿವೆ ಎಂದು ಅದೇ ಸಂಸ್ಥೆ 2018ರಲ್ಲಿ ಹೇಳಿತು. ಕೋಟ್ಯಂತರ ಜನ ಬಳಸುವ ಮದ್ದಿಗೆ ಇದು ದೊಡ್ಡ ಸಂಖ್ಯೆಯಲ್ಲ. ಆದರೆ ವರದಿಯಾಗದೆ ಉಳಿದವು ಇದ್ದೇ ಇರುತ್ತವೆ.

ನಮ್ಮ ಕಂದು ಮೈಬಣ್ಣದಲ್ಲಿ ನೀಲಿ ಸುಲಭಕ್ಕೆ ಕಾಣುವುದಿಲ್ಲ. ತುಟಿ, ನಾಲಿಗೆ, ಉಗುರಿನ ಬುಡ ನೋಡಬೇಕು. ಬೂದಿ ಬಣ್ಣ, ನೇರಳೆ ಬಣ್ಣ ಅನಿಸಿದರೂ ಅದೇ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇನ್ನೂ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿದೆ. ಈ ತೊಂದರೆಯಲ್ಲಿ ಅದನ್ನು ನಂಬುವ ಹಾಗಿಲ್ಲ. ಕೆಟ್ಟ ಹಿಮೊಗ್ಲೋಬಿನ್ ಅದರ ಬೆಳಕಿನ ಲೆಕ್ಕವನ್ನೇ ತಪ್ಪಿಸುತ್ತದೆ. ಪರಿಸ್ಥಿತಿ ಎಷ್ಟೇ ಕೆಟ್ಟರೂ ಅದು ತೋರಿಸುವ ಅಂಕಿ 85ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. "ಎಂಬತ್ತೈದಿದೆ, ಬೆಳಗ್ಗೆ ನೋಡೋಣ" ಅನ್ನಬೇಡಿ. 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ, ಟ್ಯೂಬನ್ನು ಜೊತೆಗೇ ಒಯ್ಯಿರಿ. ಹಚ್ಚಿದ ವಿಷಯ ಹೇಳದಿದ್ದರೆ ಡಾಕ್ಟರು ಹೃದಯ, ಶ್ವಾಸಕೋಶ ಎಂದು ಹುಡುಕುತ್ತಾ ಹೊತ್ತು ಕಳೆದುಹೋಗುತ್ತದೆ. ಹೇಳಿದರೆ ಮಿಥಿಲೀನ್ ಬ್ಲೂ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಬಣ್ಣ ವಾಪಸ್ ಬರುತ್ತದೆ. ಮೈ ನೀಲಿಯಾದದ್ದಕ್ಕೆ ನೀಲಿ ಮದ್ದು, ವಿಚಿತ್ರ ನೋಡಿ.

ಯಾರು ಹೆಚ್ಚು ಹುಷಾರಾಗಿರಬೇಕು? ಉಬ್ಬಸ, ಬ್ರಾಂಕೈಟಿಸ್, ಹೃದಯದ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗಂತೂ ಮಿಥಿಲೀನ್ ಬ್ಲೂ ಕೂಡ ಆಗಿಬರುವುದಿಲ್ಲ. ಜೊತೆಗೆ ರಕ್ತದ ಮೇಲೆ ಇದೇ ಥರ ಕೆಲಸ ಮಾಡುವ ಬೇರೆ ಮಾತ್ರೆಗಳಿವೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್. ಮಂಗಳೂರಿನ ಕಡೆ ಮಲೇರಿಯಾ ಬಂದವರಿಗೆ ಹದಿನಾಲ್ಕು ದಿನ ಪ್ರಿಮಾಕ್ವಿನ್ ಹೊಸದಲ್ಲ. ಆ ದಿನಗಳಲ್ಲಿ ಹಲ್ಲು ನೋಯ್ದರೆ ಬೆಂಜೊಕೇನ್ ಹಚ್ಚದೆ ಡಾಕ್ಟರಿಗೆ ಹೇಳಿ.

ಹಲ್ಲು ಬರುವ ಕೂಸಿಗೆ ಬೇಡ

ಇಲ್ಲಿ ನನ್ನ ಮಾತು ಗಟ್ಟಿಯಾಗಿಯೇ ಇರುತ್ತದೆ. ಎರಡು ವರ್ಷದೊಳಗಿನ ಮಗುವಿನ ಬಾಯಿಗೆ ಬೆಂಜೊಕೇನ್ ಹಚ್ಚಲೇಬೇಡಿ. ಕೆಟ್ಟ ಹಿಮೊಗ್ಲೋಬಿನ್ನನ್ನು ಸರಿಮಾಡುವ ಕಿಣ್ವ ಹಸುಗೂಸುಗಳಲ್ಲಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. 2018ರ ಮೇ ತಿಂಗಳಲ್ಲಿ ಎಫ್‌ಡಿಎ, ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಬೆಂಜೊಕೇನ್ ಮದ್ದುಗಳನ್ನು ನಿಲ್ಲಿಸಿ ಎಂದು ಕಂಪನಿಗಳಿಗೆ ಹೇಳಿತು. ಆದ್ದರಿಂದ ಅಮೆರಿಕದಲ್ಲಿರುವ ಮಗಳ ಮನೆಯಿಂದ ಬಂದ ಹಳೇ ಟ್ಯೂಬ್ ಎಲ್ಲಾದರೂ ಉಳಿದಿದ್ದರೆ ಬಿಸಾಡಿ.

ಹಾಗಾದರೆ ಲಿಗ್ನೊಕೇನ್ ಹಚ್ಚೋಣವೇ? ಅದೂ ಬೇಡ. ಅದರ ತೊಂದರೆ ಬೇರೆ. ರಕ್ತಕ್ಕೆ ಜಾಸ್ತಿ ಸೇರಿದರೆ ಮೆದುಳು, ಹೃದಯಗಳ ನರಗಳನ್ನೂ ಅದು ಮಂಕು ಮಾಡುತ್ತದೆ. ಫಿಟ್ಸ್ ಬರಬಹುದು, ಎದೆಬಡಿತ ತಪ್ಪಬಹುದು. ಲೆಕ್ಕ ಹಾಕಿ ನೋಡಿ. ಇಂಜೆಕ್ಷನ್‌ನಲ್ಲಿ ಲಿಗ್ನೊಕೇನ್‌ಗೆ ಡಾಕ್ಟರುಗಳು ಇಟ್ಟುಕೊಳ್ಳುವ ಮಿತಿ ಕಿಲೊ ತೂಕಕ್ಕೆ ಸುಮಾರು 4.5 ಮಿಲಿಗ್ರಾಂ. ಎಂಟು ಕಿಲೊದ ಕೂಸಿಗೆ 36 ಮಿಲಿಗ್ರಾಂ. ಶೇ. 2ರ ಜೆಲ್‌ನಲ್ಲಿ ಎರಡು ಗ್ರಾಂ ತುಂಬುವ ಮೊದಲೇ ಅಷ್ಟಾಯಿತು. ಎರಡು ಗ್ರಾಂ ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ. ಅಳುವ ಮಗುವಿಗೆ ಬೆರಳಲ್ಲಿ ತೆಗೆದು ತೆಗೆದು ಹಚ್ಚುವ ಅಜ್ಜಿಗೆ ಈ ಅಳತೆ ಎಲ್ಲಿ ಗೊತ್ತಾಗಬೇಕು? ಮಗು ಎಲ್ಲವನ್ನೂ ನುಂಗುತ್ತದೆ ಬೇರೆ. 2014ರಲ್ಲಿ ಎಫ್‌ಡಿಎ ಇದಕ್ಕೂ ಕಟ್ಟೆಚ್ಚರ ಕೊಟ್ಟಿತು.

ಹಲ್ಲು ಬರುವ ಕಾಲದ ಕಿರಿಕಿರಿಗೆ ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಒದ್ದೆ ಬಟ್ಟೆ ಅಗಿಯಲು ಕೊಡಿ. ತೊಳೆದ ಬೆರಳಿಂದ ವಸಡನ್ನು ಮೆಲ್ಲಗೆ ಒತ್ತಿ. ಅದು ಕೆಲವು ದಿನಗಳ ಕಷ್ಟ. ಜೋರು ಜ್ವರ, ಭೇದಿ ಬಂದರೆ "ಹಲ್ಲು ಬರ್ತಿದೆ ಬಿಡಿ" ಎಂದು ಸುಮ್ಮನಾಗಬೇಡಿ. ಹಲ್ಲು ಬರುವುದರಿಂದ ಜೋರು ಜ್ವರ ಬರುವುದಿಲ್ಲ, ಕಾರಣ ಬೇರೆ ಇರುತ್ತದೆ.

ಅಡುಗೆಮನೆಯ ಮದ್ದು, ಅಂಗಡಿಯ ಮಾತ್ರೆ

ಲವಂಗಕ್ಕೆ ಮರ್ಯಾದೆ ಕೊಡಲೇಬೇಕು. ಅದರ ಎಣ್ಣೆಯಲ್ಲಿರುವ ಯೂಜಿನಾಲ್ ನಿಜಕ್ಕೂ ನರವನ್ನು ಮಂಕು ಮಾಡುತ್ತದೆ. ಡೆಂಟಿಸ್ಟ್‌ಗಳು ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುವ ಬಿಳಿ ಸಿಮೆಂಟ್‌ನಲ್ಲೂ ಇರುವುದು ಅದೇ, ಕ್ಲಿನಿಕ್‌ನ ಆ ವಾಸನೆ ಅದರದ್ದೇ. ಆದರೆ ಲವಂಗದ ಎಣ್ಣೆಯನ್ನು ಹಾಗೇ ಸುರಿದರೆ ವಸಡು ಬೆಂದುಹೋಗುತ್ತದೆ. ಒಂದು ಹನಿಯನ್ನು ಚಮಚ ಕೊಬ್ಬರಿ ಎಣ್ಣೆಗೆ ಬೆರೆಸಿ, ಹತ್ತಿಯ ತುದಿಯಿಂದ ಮುಟ್ಟಿಸಿದರೆ ಸಾಕು. ಒಂದು ಲವಂಗವನ್ನು ಆ ಹಲ್ಲಿನ ಹತ್ತಿರ ಒತ್ತಿಟ್ಟುಕೊಳ್ಳುವುದು ಇನ್ನೂ ಸುಲಭ. ಎಣ್ಣೆಯ ಶೀಶೆ ಮಕ್ಕಳ ಕೈಗೆ ಸಿಗಬಾರದು. ಸ್ವಲ್ಪ ಕುಡಿದರೂ ಲಿವರ್‌ಗೆ ಪೆಟ್ಟು. ಲವಂಗ ಮತ್ತು ಜೆಲ್ ಎರಡನ್ನೂ ಒಟ್ಟಿಗೆ ಹಚ್ಚುವುದೂ ಬೇಡ.

ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಟ್ಟುಕೊಳ್ಳುವವರಿದ್ದಾರೆ. ಅದು ಆಮ್ಲ. ಬೆಳಗ್ಗೆ ನೋಡಿದರೆ ವಸಡು ಬೆಳ್ಳಗೆ ಸುಲಿದಿರುತ್ತದೆ. ಹೊಗೆಸೊಪ್ಪು, ನಶ್ಯ ಒತ್ತಿಡುವವರ ಬಗ್ಗೆ ಇನ್ನೇನು ಹೇಳುವುದು. ಹಲ್ಲುನೋವಿಗೆಂದು ಶುರುವಾದ ನಶ್ಯ ನೋವು ಹೋದ ಮೇಲೂ ಬಾಯಿ ಬಿಡುವುದಿಲ್ಲ, ಆಮೇಲೆ ಬರುವುದು ಹಲ್ಲುನೋವಿಗಿಂತ ದೊಡ್ಡದು. ಬಿಸಿ ಶಾಖವೂ ಬೇಡ. ಕೀವು ಇದ್ದರೆ ಬಾವು ಇನ್ನೂ ಏರುತ್ತದೆ. ಕೆನ್ನೆಯ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡಿ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ.

ಹಲ್ಲಿನೊಳಗಿನ ನೋವಿಗೆ ತಲುಪುವುದು ಮಾತ್ರೆ. ದೊಡ್ಡವರಿಗೆ ಊಟವಾದ ಮೇಲೆ ಐಬುಪ್ರೊಫೇನ್ 400 ಮಿಲಿಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್ 500, ಹಲ್ಲುನೋವಿಗೆ ಚೆನ್ನಾಗಿ ಹಿಡಿಯುವ ಜೋಡಿ. ಎಲ್ಲರಿಗೂ ಅಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೇನ್ ಮುಟ್ಟಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಒಂದೇ. ಅದರಲ್ಲೂ ದಿನಕ್ಕೆ 4 ಗ್ರಾಂ ಮೀರಬಾರದು, ಕುಡಿಯುವ ಅಭ್ಯಾಸ ಇರುವವರಿಗೆ ಅದಕ್ಕಿಂತ ಕಡಿಮೆ.

ಆ್ಯಂಟಿಬಯೋಟಿಕ್? ಪಲ್ಪ್ ಬಾತುಕೊಂಡ ನೋವಿಗೆ ಅದರಿಂದ ಏನೂ ಆಗುವುದಿಲ್ಲ. ಅಂಗಡಿಯವರು "ಐದು ಮಾತ್ರೆ ತಗೊಳ್ಳಿ, ಕಮ್ಮಿಯಾಗುತ್ತೆ" ಅಂದರೆ ನಯವಾಗಿ ಬೇಡ ಅನ್ನಿ.

ಬೆಳಗಿನವರೆಗೆ ಕಾಯಬಾರದ ನೋವು

ಮುಖ ಬಾತು ಕಣ್ಣಿನ ಕಡೆ ಏರುತ್ತಿದ್ದರೆ, ದವಡೆಯ ಅಡಿ, ಕುತ್ತಿಗೆ ಗಟ್ಟಿಯಾಗಿ ಊದುತ್ತಿದ್ದರೆ, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ, ಚಳಿಜ್ವರ ಬಂದರೆ ಜೆಲ್ ಬದಿಗಿಟ್ಟು ಆಗಲೇ ಆಸ್ಪತ್ರೆಗೆ ಹೊರಡಿ. ಹಲ್ಲಿನ ಸೋಂಕು ನಾಲಿಗೆಯ ಅಡಿಗೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಹುದು. ಇನ್ನೊಂದು: ಕೆಳದವಡೆ ನೋಯುತ್ತಿದೆ, ಜೊತೆಗೆ ಎದೆ ಹಿಡಿದಂತೆ, ಮೈ ಬೆವರಿದಂತೆ ಆದರೆ ಅದು ಹಲ್ಲು ಅಲ್ಲದಿರಬಹುದು. ಹೃದಯಾಘಾತದ ನೋವು ದವಡೆಗೆ ಹರಿಯುವುದುಂಟು.

ಎರಡು ದಿನ ಕಾಡಿದ ನೋವು ಮೂರನೆಯ ದಿನ ತಾನಾಗಿ ಮಾಯವಾದರೆ ಜನ ಖುಷಿಪಡುತ್ತಾರೆ. ಎಷ್ಟೋ ಸಲ ಅದು ನರ ಸತ್ತದ್ದರ ಗುರುತು. ಹುಳುಕು ನಿಂತಿರುವುದಿಲ್ಲ, ಸುದ್ದಿ ಹೇಳುವವರು ಇಲ್ಲವಾಗಿರುತ್ತಾರೆ. ಕೆಲವು ವಾರ, ತಿಂಗಳು ಕಳೆದು ಬೇರಿನ ತುದಿಯಲ್ಲಿ ಕೀವು ಕಟ್ಟಿದಾಗ ಮತ್ತೆ ಬರುತ್ತದೆ, ಈ ಸಲ ಬಾವಿನ ಜೊತೆ. ಖರ್ಚಿನ ಭಯದಿಂದ ಮುಂದೂಡುವವರಿಗೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಬೇರೆ ಊರುಗಳ ದಂತ ಕಾಲೇಜುಗಳಲ್ಲೂ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ, ಸರದಿಯಲ್ಲಿ ಕಾಯುವ ತಾಳ್ಮೆ ಬೇಕು.

ಡೆಂಟಿಸ್ಟ್ ಹತ್ತಿರ ಹೋಗುವ ಬೆಳಗ್ಗೆ ಜೆಲ್ ಹಚ್ಚಬೇಡಿ. ಅವರು ವಸಡು ಒತ್ತಿ, ಹಲ್ಲು ತಟ್ಟಿ, ತಣ್ಣನೆಯದು ತಾಗಿಸಿ ನೋಡುತ್ತಾರೆ. ಮರಗಟ್ಟಿದ ವಸಡಿನಿಂದ ಅವರಿಗೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಜೆಲ್ ಎಷ್ಟು ಸಲ ಹಚ್ಚಿದಿರಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಿರಿ ಎಂದು ಹೇಳಿ. ತಣ್ಣೀರು ತಾಗಿದಾಗ ಜುಮ್ಮೆಂದು ಕೂಡಲೇ ಹೋಗುತ್ತದೆಯೋ, ಹೋಗದೆ ಬಹಳ ಹೊತ್ತು ಉಳಿಯುತ್ತದೆಯೋ, ಅದನ್ನೂ ಹೇಳಿ. ಕೂಡಲೇ ಹೋದರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯುವ ಸಾಧ್ಯತೆ ಇದೆ. ಉಳಿದರೆ ರೂಟ್ ಕೆನಾಲ್ ಮಾತು ಬರಬಹುದು.